ಸಾವಕಾಶ ಹೇಳವಾ

ಕೂಕಟ್‌ಪಲ್ಲಿಯ ನಮ್ಮ ಕಾಲನಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಬಾಲಾನಗರದ ಕಾರ್ಖಾನೆಯ ಜನಕ್ಕೆ ಅವರು ಸಿಸ್ಟರಮ್ಮ. ಅಲ್ಲಿನ ದವಾಖಾನೆಯಲ್ಲಿ ನರ್ಸ್ ಆಗಿದ್ದರು. ಕಾಲನಿಯ ಕನ್ನಡ ಮನೆಗಳ ಮಕ್ಕಳಿಗೆಲ್ಲ ಮೌಶಿ, ಎಂದರೆ ಚಿಕ್ಕಮ್ಮ. ಅವರ ಗಂಡನನ್ನು ನಾವು ಕಾಕಾ ಎನ್ನುತ್ತಿದ್ದೆವು. ಕಾಕಾ ಅವರನ್ನು ಕರೆಯುತ್ತಿದ್ದದ್ದು 'ಏ, ಕೇಳ್ತೇನ' ಎಂದು. ಹೋದ ತಿಂಗಳು ಅವರ ಸೊಸೆ ಪದ್ಮ ಫೋನ್ ಮಾಡಿದಾಗಲೂ 'ಅತ್ತಯ್ಯ ಹೋಗಿಬಿಟ್ರು' ಎಂದಷ್ಟೇ ಹೇಳಿದಳು. ಹಾಗಾಗಿ ನಾನೂ ಇಲ್ಲಿ ಮೌಶಿ ಎಂದೇ ಬರೆಯುತ್ತೇನೆ. ಬೇರೆ ಹೆಸರಿನಲ್ಲಿ ಬರೆದರೆ ಅದು ಮತ್ತಾರದೋ ಕಥೆಯಾಗುತ್ತದೆ.

ಮೌಶಿ ಬೀದರ ಕಡೆಯವರು. ಗಿಡ್ಡ ಆಳು, ತುಂಬಿದ ಮೈ, ನಡೆದರೆ ಚಪ್ಪಲಿಯ ಸದ್ದಿನಿಂದಲೇ ಗೊತ್ತಾಗಬೇಕು. ದನಿಯಂತೂ ಕೇಳಬೇಡಿ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ತರಕಾರಿ ಬಂಡಿಯವನಿಗೆ 'ಮೆಂತೆ ಐತೇನಪಾ?' ಎಂದರೆ ಹಿಂದಿನ ಬೀದಿಯ ಬಂಡಿಯವನೂ ಉತ್ತರ ಕೊಡುತ್ತಿದ್ದ. ಎಲ್ಲರ ಮನೆಯ ಸಂಗತಿಯೂ ಅವರಿಗೆ ಬೇಕು. ಯಾರ ಮನೆಯಲ್ಲಿ ಯಾಕೆ ಸಪ್ಪಗಿದೆ, ಯಾರ ಮಗು ಯಾಕೆ ಸೊರಗಿದೆ ಎಂದು ನೇರವಾಗಿ ಬಾಗಿಲು ತಟ್ಟಿಯೇ ಕೇಳುತ್ತಿದ್ದರು. ಚೌಕಾಬಾರಾ ಆಡುವಾಗ ಕಣ್ಣೆದುರೇ ಮೋಸ ಮಾಡಿ, ಸಿಕ್ಕಿಬಿದ್ದರೆ ಜಗಳಕ್ಕೆ ಬರುತ್ತಿದ್ದರು. ನಮ್ಮ ಅವ್ವನ ಉಪ್ಪಿನಕಾಯಿಯನ್ನು ಒಂದು ದಿನವೂ ಹೊಗಳಿದವರಲ್ಲ. ಖಾಲಿ ಡಬ್ಬಿ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿತ್ತು.

ನನ್ನ ತಂದೆಯೂ ಅದೇ ಕಾರ್ಖಾನೆಯಲ್ಲಿದ್ದರು. ಹಾಗಾಗಿ ನನಗೆ ಸೂಜಿ ಚುಚ್ಚಿದವರೆಲ್ಲರಲ್ಲಿ ಮೌಶಿಯೇ ಮೊದಲಿಗರು. ಅವರದೊಂದು ಉಪಾಯವಿತ್ತು. ಮಗುವಿಗೆ ಏನಾದರೊಂದು ಪ್ರಶ್ನೆ ಕೇಳುವುದು. ಅದು ಬಾಯಿ ತೆರೆದು ಉತ್ತರ ಹೇಳುವಷ್ಟರಲ್ಲಿ ಚುಚ್ಚಿ ಮುಗಿಸಿ ಹತ್ತಿ ಒತ್ತಿಬಿಡುವುದು. ನನ್ನ ವಿಷಯದಲ್ಲಿ ಆ ಉಪಾಯ ನಡೆಯಲಿಲ್ಲ. ನನಗೆ ಮಾತು ಬಂದಾಗಿನಿಂದಲೂ ತೊದಲು. ಅದರಲ್ಲೂ ನನ್ನ ಹೆಸರೇ ನನ್ನ ನಾಲಿಗೆಗೆ ಶತ್ರು. 'ನಿನ್ನ ಹೆಸರೇನವಾ?' ಎಂದು ಅವರು ಕೇಳಿದರು. ನಾನು 'ಕ... ಕ... ಕ...' ಎನ್ನುತ್ತ ನಿಂತೆ. ಕಂಪೌಂಡರು 'ಕಮಲಾ?' ಎಂದರು. ಅವ್ವ 'ಕಸ್ತೂರಿ ಅಂತ್ರೀ' ಎಂದಳು. ಮೌಶಿ ಸಿರಿಂಜನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು.

'ನಾ ಆಕೀಗೆ ಕೇಳೀನಿ. ಸಾವಕಾಶ ಹೇಳವಾ, ನಾ ಎಲ್ಲೂ ಹೋಗಂಗಿಲ್ಲ.'

ಹೊರಗೆ ಸಾಲು ಬೆಳೆಯುತ್ತಿತ್ತು. ನನ್ನ ಹೆಸರು ಪೂರ್ತಿ ಹೊರಬರುವವರೆಗೂ ಅವರು ಕೂತೇ ಇದ್ದರು. ಬಂದ ಮೇಲೆ 'ಚಂದ ಹೆಸರು' ಎಂದು, ಆಮೇಲೆ ಚುಚ್ಚಿದರು. ನೋವಾಯಿತು. ಆದರೂ ನಾನು ಅಳಲಿಲ್ಲವಂತೆ. ಅವ್ವ ಮುಂದೆ ಎಷ್ಟೋ ಸಲ ಹೇಳುತ್ತಿದ್ದಳು.

ಅವರ ಕೈಯ ಹೆಬ್ಬೆರಳು ಮೊದಲ ಸಲ ತಾನಾಗಿ ಅಲುಗಿದ್ದು ಅದೇ ದವಾಖಾನೆಯಲ್ಲಿ. ಆಗ ನಾನು ಕಾಲೇಜು ಸೇರಿದ್ದೆ. ಊಟದ ಡಬ್ಬಿ ತೆರೆದು ಸುಮ್ಮನೆ ಕೂತಿದ್ದಾಗ, ತೊಡೆಯ ಮೇಲಿಟ್ಟ ಬಲಗೈಯ ಹೆಬ್ಬೆರಳು ಜಪಮಣಿ ಎಣಿಸುವಂತೆ ಆಡುತ್ತಿರುವುದನ್ನು ಅವರೇ ಕಂಡರು. ಕೆಲಸಕ್ಕೆ ಕೈ ಹಚ್ಚಿದರೆ ನಿಲ್ಲುತ್ತಿತ್ತು. ಯಾರೂ ಗಮನಿಸಿರಲಿಲ್ಲ. ಆದರೂ ಆ ಮಧ್ಯಾಹ್ನವೇ ಜೊತೆಯ ನರ್ಸನ್ನು ಕರೆದು, 'ಇವತ್ತಿನಿಂದ ಸೂಜಿ ನೀ ಚುಚ್ಚು, ಗಾಯದ ಪಟ್ಟಿ ನಾ ಕಟ್ತೀನಿ' ಎಂದರಂತೆ. ಕಾರಣ ಹೇಳಲಿಲ್ಲ. ಆ ದಿನದ ಮೇಲೆ ಯಾರಿಗೂ ಸೂಜಿ ಹಾಕಲಿಲ್ಲ. ನರ್ಸ್ ಆದವರಿಗೆ ಅದು ಯಾವ ರೋಗವೆಂದು ಆಗಲೇ ಅನುಮಾನ ಬಂದಿತ್ತು. ಒಬ್ಬರೇ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಪಾರ್ಕಿನ್ಸನ್ಸ್ ಎಂದು ಖಚಿತವಾಯಿತು. ಮನೆಯಲ್ಲಿ ಮಾತ್ರ ಬಹಳ ಕಾಲ ಬಾಯಿ ಬಿಡಲಿಲ್ಲ. ಕೈಯನ್ನು ಸೆರಗಿನ ಕೆಳಗೆ ಇಟ್ಟುಕೊಳ್ಳತೊಡಗಿದರು, ಬಾಲ್ಕನಿಗೆ ಬರುವುದು ಕಡಿಮೆಯಾಯಿತು, ಚೌಕಾಬಾರಾ ನಿಂತಿತು. ನಕ್ಕರೂ ಮುಖದಲ್ಲಿ ನಗು ಕಾಣುತ್ತಿರಲಿಲ್ಲ. 'ಸಿಸ್ಟರಮ್ಮಗ ಈಗ ಸೊಕ್ಕು' ಎಂದು ಮೆಟ್ಟಿಲ ಮೇಲೆ ಹೆಂಗಸರು ಆಡಿಕೊಂಡರು.

ಕೊನೆಗೆ ಕಂಡುಹಿಡಿದವರು ಕಾಕಾ. ಕಾಕಾ ಅದೇ ಕಾರ್ಖಾನೆಯ ಸ್ಟೋರಿನಲ್ಲಿದ್ದು ನಿವೃತ್ತರಾದವರು, ಮಾತು ಕಮ್ಮಿ. ಒಂದು ಬೆಳಿಗ್ಗೆ ಮೌಶಿ ರವಿಕೆಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದುದನ್ನು ಬಾಗಿಲ ಸಂದಿಯಿಂದ ಕಂಡು ಒಳಗೆ ಹೋದರು. ಅಲ್ಲಿಗೆ ಎಲ್ಲ ಹೊರಬಿತ್ತು.

'ಇಷ್ಟ ದಿವಸ ಹೇಳಲಿಲ್ಲ ಯಾಕ?' ಎಂದು ಕಾಕಾ ಕೇಳಿದರಂತೆ.

'ಹೇಳಿದ್ರ ನೀವು ಅವತ್ತಿನಿಂದನ ನನಗ ನೀರು ಕುಡಿಸಾಕ ಸುರು ಮಾಡ್ತಿದ್ರಿ.'

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಮೌಶಿ ಕೆಲಸ ಬಿಟ್ಟರು, ಮಾರನೇ ದಿನದಿಂದ ಕಾಕಾ ಮನೆಯೊಳಗೊಂದು ದವಾಖಾನೆ ತೆರೆದರು. ಗುಳಿಗೆಯ ಹೊತ್ತಿಗೆ ಗಡಿಯಾರದಲ್ಲಿ ಅಲಾರಂ ಇಟ್ಟರು. ಅನ್ನ ಕಲಸಿಕೊಟ್ಟರು, ತಲೆ ಬಾಚಿದರು, ಚಪ್ಪಲಿ ಹಾಕಿದರು, ಅವರು ಎದ್ದರೆ ಎದ್ದರು, ಕೂತರೆ ಕೂತರು. ಯಾರಾದರೂ 'ಹೆಂಗಿದ್ದೀರಿ ಮೌಶಿ?' ಎಂದರೆ ಕಾಕಾ 'ಆರಾಮ ಇದ್ದಾಳ' ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಮೌಶಿಯ ದನಿಯೂ ಇಳಿದಿತ್ತು. ಎರಡು ಬೀದಿ ಮುಟ್ಟುತ್ತಿದ್ದ ದನಿ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲ. ಅವರು ತುಟಿ ಅಲುಗಿಸುವುದರೊಳಗೆ ಮನೆಯವರು ಆ ಮಾತನ್ನು ತಾವೇ ಊಹಿಸಿ ಆಡಿ ಮುಗಿಸಿಬಿಡುತ್ತಿದ್ದರು. ನೀರು ಬೇಕಾ, ಫ್ಯಾನ್ ಹಾಕಲಾ, ಮಲಗ್ತೀಯಾ. ಮೌಶಿ ತಲೆಯಾಡಿಸುತ್ತಿದ್ದರು. ನಾನದನ್ನು ನೋಡಿ ಬೆಚ್ಚಿದೆ. ನನ್ನ ಮಾತನ್ನು ಚಿಕ್ಕಂದಿನಿಂದ ಬೇರೆಯವರು ಹೀಗೆಯೇ ಮುಗಿಸುತ್ತ ಬಂದಿದ್ದರು. ಹಾಗೆ ಮುಗಿಸಿಕೊಟ್ಟ ಮಾತಿಗೆ ತಲೆಯಾಡಿಸುವುದು ಎಷ್ಟು ಸುಲಭ, ಹಾಗೆ ಆಡಿಸುತ್ತ ಹೋದರೆ ಒಳಗೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು.

ಒಮ್ಮೆ ಡಾಕ್ಟರರ ಬಳಿ ಹೋಗುವಾಗ ಕಾಕಾ ನನ್ನನ್ನೂ ಕರೆದರು. ತಾವು ಸಾಲಿನಲ್ಲಿ ನಿಂತಾಗ ಮೌಶಿಯ ಪಕ್ಕ ಒಬ್ಬರಿರಲಿ ಎಂದು. ಡಾಕ್ಟರು ಎಳೆ ವಯಸ್ಸಿನವರು, ಒಳ್ಳೆಯವರು. ಆದರೆ ಹೊರಗೆ ರೋಗಿಗಳ ಗುಂಪಿತ್ತು. ಬರೆಯುತ್ತಲೇ ಕಾಕಾನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು: ಹೇಗಿದ್ದಾರೆ? ನಿದ್ದೆ ಬರುತ್ತಾ? ಊಟ ಸೇರುತ್ತಾ? ಕಾಕಾ ಒಂದೊಂದಕ್ಕೂ ಉತ್ತರ ಕೊಟ್ಟರು. ಮೌಶಿ ಎಡಗೈಯಿಂದ ಮೇಜನ್ನು ತಟ್ಟಿದರು. ಡಾಕ್ಟರು ತಲೆಯೆತ್ತಿದರು. ಕಾಕಾ 'ಏನ ಬೇಕು?' ಎಂದು ಬಗ್ಗಿದರು. ಮೌಶಿ ಕಾಕಾನನ್ನು ಕೈಯಿಂದ ಹಿಂದೆ ಸರಿಸಿದರು. ಆಮೇಲೆ ತಮ್ಮ ಹಳೆಯ ದಖನಿ ಉರ್ದುವಿನಲ್ಲಿ, ಒಂದೊಂದೇ ಶಬ್ದ ಎತ್ತಿಟ್ಟಂತೆ ಹೇಳಿದರು:

'ಬೀಮಾರಿ ಮೇರೆಕು ಹೈ ಡಾಕ್ಟರ್‌ಸಾಬ್. ಪೂಛನಾ ಹೈ ತೋ ಮೇರೆಕು ಪೂಛೋ.'

ರೋಗ ನನಗಿದೆ, ಕೇಳುವುದಿದ್ದರೆ ನನ್ನನ್ನು ಕೇಳಿ. ಡಾಕ್ಟರು ಪೆನ್ನು ಮುಚ್ಚಿಟ್ಟರು. ಕುರ್ಚಿಯನ್ನು ಮೌಶಿಯ ಕಡೆ ತಿರುಗಿಸಿ, ಮೊದಲಿನಿಂದ ಎಲ್ಲವನ್ನೂ ಮತ್ತೆ ಕೇಳಿದರು. ಮೌಶಿ ಹೇಳಿದ್ದರಲ್ಲಿ ಕಾಕಾನಿಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳಿದ್ದವು. ಬಾಗಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ. ಮೂಗಿಗೆ ಒಗ್ಗರಣೆಯ ವಾಸನೆ ಹತ್ತುವುದಿಲ್ಲ. ಮೂಲೆಯಲ್ಲಿ ಒಮ್ಮೊಮ್ಮೆ ಸಣ್ಣ ಮಕ್ಕಳು ಕೂತ ಹಾಗೆ ಕಾಣುತ್ತದೆ, ಅವು ಗುಳಿಗೆಯಿಂದ ಬಂದ ಮಕ್ಕಳೆಂದು ತನಗೆ ಗೊತ್ತು, ಹೆದರಿಕೆಯಿಲ್ಲ. ಕಾಕಾ ಗೋಡೆ ನೋಡುತ್ತ ನಿಂತಿದ್ದರು. ಡಾಕ್ಟರು ಗುಳಿಗೆ ಬದಲಿಸಿ ಬರೆದುಕೊಟ್ಟು, ದನಿ ಉಳಿಯಬೇಕಾದರೆ ದಿನಾ ಗಟ್ಟಿಯಾಗಿ ಓದಬೇಕೆಂದರು. ಗಟ್ಟಿಯಾಗಿ ಎಂದರೆ ಪಕ್ಕದ ಮನೆಗೆ ಕೇಳುವ ಹಾಗೆ.

ಹಿಂದಿರುಗುವ ಆಟೋದಲ್ಲಿ ಮೌಶಿ ನನ್ನ ಕಡೆ ತಿರುಗಿ, 'ನಾ ಜೋರಾಗಿ ಓದಬೇಕಂತ. ನೀ ಸಾವಕಾಶ ಓದಬೇಕು. ಇಬ್ರೂ ಕೂಡಿ ಓದೂಣು' ಎಂದರು.

ಓದಲು ಪುಸ್ತಕ ಬೇಕಲ್ಲ. ಕಾಕಾ ಭಾನುವಾರ ಅಬಿಡ್ಸ್‌ಗೆ ಹೋಗಿ ಫುಟ್‌ಪಾತಿನ ರಾಶಿಯಲ್ಲಿ ಹುಡುಕಿ ಕನ್ನಡದ ಒಂದೇ ಒಂದು ಪುಸ್ತಕ ತಂದರು. ರಟ್ಟು ಹರಿದ ಅಡುಗೆ ಪುಸ್ತಕ. ಸಂಜೆ ಬಾಲ್ಕನಿಯಲ್ಲಿ ಇಬ್ಬರೂ ಕೂತು ಅದನ್ನೇ ಶುರು ಮಾಡಿದೆವು. ಒಂದು ವಿಚಿತ್ರ ನಡೆಯಿತು. ಮೌಶಿಯ ದನಿಯ ಜೊತೆ ನನ್ನ ದನಿ ಸೇರಿಸಿದಾಗ ನಾಲಿಗೆ ಎಲ್ಲೂ ತಡೆಯಲಿಲ್ಲ. 'ಕಡಲೆಬೇಳೆ', 'ಕೊಬ್ಬರಿ', 'ಕಸಕಸೆ', ನನ್ನ ಹಗೆಗಳೆಲ್ಲ ಸಾಲಾಗಿ ಬಂದರೂ ಹರಿದು ಹೋದವು. ಒಬ್ಬಳೇ ಓದಿದರೆ ಮತ್ತೆ ತಡೆಯುತ್ತಿತ್ತು. ಜೊತೆಗೆ ಓದಿದರೆ ಇಲ್ಲ. ಅವರಿಗೂ ಹಾಗೆಯೇ. ನಾನು ತಾಳ ಹಿಡಿದಂತೆ ಓದಿದರೆ ಅವರ ದನಿ ಮೇಲೇಳುತ್ತಿತ್ತು. ನಾನು ನಿಲ್ಲಿಸಿದರೆ ಕೆಳಗಿಳಿಯುತ್ತಿತ್ತು.

ಒಂದು ಸಂಜೆ ಹೋಳಿಗೆಯ ಪುಟ ಓದುತ್ತಿದ್ದಾಗ ಮೌಶಿಗೆ ದಣಿವಾಗಿ ಪುಸ್ತಕ ಮುಚ್ಚಿದೆವು. ಕೆಳಗಿನ ಮಹಡಿಯಿಂದ ಒಂದು ಹೆಂಗಸಿನ ದನಿ: 'ಆಪೇಶಾರೇಂಟಿ? ಬೆಲ್ಲಂ ಎಪ್ಪುಡು ವೆಯ್ಯಾಲಿ?' ನಿಲ್ಲಿಸಿಬಿಟ್ಟಿರೇಕೆ, ಬೆಲ್ಲ ಯಾವಾಗ ಹಾಕಬೇಕು ಎಂದು ಕೆಳಗಿನ ಮನೆಯಾಕೆ ಕೇಳುತ್ತಿದ್ದರು. ಅವರು ಅನಂತಪುರದವರು, ಕನ್ನಡ ತಿಳಿಯುತ್ತಿತ್ತು. ಒಲೆಯ ಮೇಲೆ ಬೇಳೆ ಇಟ್ಟುಕೊಂಡು ನಮ್ಮ ಓದನ್ನೇ ಕೇಳಿ ಹೂರಣ ಮಾಡುತ್ತಿದ್ದರಂತೆ. ಮೌಶಿ ಬಹಳ ಹೊತ್ತು ಭುಜ ಕುಲುಕಿಸಿದರು. ಮುಖ ಮಾತ್ರ ಹಾಗೇ ಇತ್ತು. ಅವರು ನಗುತ್ತಿದ್ದಾರೆಂದು ತಿಳಿಯಲು ನನಗೊಂದು ಕ್ಷಣ ಬೇಕಾಯಿತು.

'ನಗು ಒಳಗ ಐತವಾ' ಎಂದರು. 'ಮುಖದ ತನಕಾ ಬರಾಕ ಬಸ್ ಸಿಗವಲ್ದು.'

ಆಮೇಲೆ ಅವರೇ ಈ ಮಾತನ್ನು ನನ್ನ ಬಾಯಿಂದ ಮೆಟ್ಟಿಲ ಮೇಲಿನ ಹೆಂಗಸರಿಗೂ ಹೇಳಿಸಿದರು. ಸೊಕ್ಕಿನ ಮಾತು ಅಲ್ಲಿಗೆ ನಿಂತಿತು.

ರೋಗ ಒಬ್ಬರ ಮೈಗೆ ಬಂದರೂ ಮನೆಯವರೆಲ್ಲ ಅದನ್ನು ತಮ್ಮ ತಮ್ಮ ರೀತಿಯಲ್ಲಿ ಹೊರುತ್ತಾರೆ. ಅವರ ಮಗ ಖಾಸಗಿ ಕಂಪನಿಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದ. ತಾಯಿಯ ಮೇಲೆ ಜೀವವಿದ್ದವನು, ಅದಕ್ಕೇ ಅವನಿಗೆ ಆ ಕೈಯನ್ನು ನೋಡಲಾಗುತ್ತಿರಲಿಲ್ಲ. ಮನೆಗೆ ಬಂದರೆ ಟಿವಿ ಹಾಕುತ್ತಿದ್ದ, ಇಲ್ಲವೇ ಏನೋ ತರುವುದಿದೆಯೆಂದು ಹೊರಗೆ ಹೋಗುತ್ತಿದ್ದ. ಪದ್ಮ ಅದಕ್ಕಾಗಿ ಅವನೊಂದಿಗೆ ಜಗಳವಾಡುತ್ತಿದ್ದಳು. ಮೌಶಿ ಜಗಳವಾಡಲಿಲ್ಲ. ಒಂದು ಭಾನುವಾರ ನೇಲ್ ಕಟರ್ ತರಿಸಿ, ಅವನನ್ನು ಎದುರಿಗೆ ಕೂರಿಸಿಕೊಂಡು ಕೈ ಚಾಚಿದರು. 'ಇದು ನಿನ್ನ ಕೆಲಸ. ಇವರ ಕೈಲೆ ಬ್ಯಾಡ, ಆಕಿ ಕೈಲೆ ಬ್ಯಾಡ. ನೀ ಸಣ್ಣಾಂವ ಇದ್ದಾಗ ನಿನ್ನ ಉಗುರು ನಾ ತಗೀತಿದ್ದೆ, ಕೈ ಒಂದ ಕಡೆ ಇಡತಿದ್ದಿಲ್ಲ ನೀ.'

ನಡುಗುವ ಕೈಯ ಉಗುರು ತೆಗೆಯಬೇಕಾದರೆ ಅದನ್ನು ಗಟ್ಟಿಯಾಗಿ ಹಿಡಿಯಲೇಬೇಕು. ನೋಡದೆ ಆಗುವ ಕೆಲಸವಲ್ಲ. ಅವನು ತಲೆ ಬಗ್ಗಿಸಿ ಒಂದೊಂದೇ ಬೆರಳು ಹಿಡಿದು ತೆಗೆದ. ಮುಗಿದ ಮೇಲೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ. ಅಂದಿನಿಂದ ಭಾನುವಾರ ಬೆಳಿಗ್ಗೆ ಅವನು ಎಲ್ಲೂ ಹೋಗುತ್ತಿರಲಿಲ್ಲ.

ಕಾಕಾನ ತಾಳ್ಮೆ ತಪ್ಪಿದ್ದು ಆಮೇಲೆ. ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಪಕ್ಕದಲ್ಲೇ ಇದ್ದ ಮೌಶಿಯ ಮನೆಯಿಂದ ಎಂದೂ ಕೇಳದ ಕೂಗು ಕೇಳಿ ನಾನೂ ಅವ್ವನೂ ಓಡಿದೆವು. ಮೌಶಿಯ ಮುಂದೆ ತಟ್ಟೆಯಿತ್ತು. ಊಟಕ್ಕೆ ಕೂತು ಬಹಳ ಹೊತ್ತಾಗಿ ಅನ್ನ ಆರಿ ಹೋಗಿತ್ತು. ಕಾಕಾ ನಡುಮನೆಯಲ್ಲಿ ನಿಂತು ಕೂಗುತ್ತಿದ್ದರು: 'ಎಷ್ಟು ಹೊತ್ತು! ಒಂದು ತುತ್ತಿಗೆ ಎಷ್ಟು ಹೊತ್ತು! ನನಗೂ ಮೈ ಐತಿ, ನನಗೂ ವಯಸ್ಸಾಗೈತಿ!' ನಮ್ಮನ್ನು ಕಂಡದ್ದೇ ನೆಲಕ್ಕೆ ಕೂತರು. ಮುಖ ಮುಚ್ಚಿಕೊಂಡು ಅತ್ತರು. ಅವ್ವ ನನ್ನ ತೋಳು ಹಿಡಿದು ಹೊರಗೆಳೆಯಲು ನೋಡಿದಳು. ಮೌಶಿ ಬೇಡವೆಂದು ಕಣ್ಣಲ್ಲೇ ಹೇಳಿದರು.

ಅವರು ಮಾತಿಗೆ ತಯಾರಾಗುತ್ತಿದ್ದರು. ನಾವು ಕಾದೆವು.

'ತಪ್ಪು ನಂದ ಐತಿ' ಎಂದರು. 'ದವಾಖಾನ್ಯಾಗ ನಮಗೂ ವಾರಕ್ಕೊಂದು ರಜಾ ಕೊಡ್ತಿದ್ರು. ರೋಗಿಗೆ ರಜಾ ಇಲ್ಲ. ನರ್ಸಿಗೆ ಇರಬೇಕು. ಇಷ್ಟು ವರ್ಷ ಕೆಲಸಾ ಮಾಡಿ ನಾ ಅದನ್ನ ಮರತಬಿಟ್ಟೆ.'

ಅವತ್ತೇ ಗುರುವಾರ ಕಾಕಾನ ರಜೆಯೆಂದು ನಿಗದಿಯಾಯಿತು. ಕಾಕಾ ಒಪ್ಪಲಿಲ್ಲ. 'ಎಲ್ಲಿಗೆ ಹೋಗಲಿ ನಾ?' ಎಂದು ಕೇಳಿದರು. ಅದು ನಿಜವಾದ ಪ್ರಶ್ನೆಯಾಗಿತ್ತು, ಅವರಿಗೆ ಹೋಗಲು ಜಾಗವೇ ತೋಚುತ್ತಿರಲಿಲ್ಲ. ಮೌಶಿ 'ಎಲ್ಲರೆ ಹೋಗ್ರಿ, ನನ್ನ ಕಣ್ಣಿಗೆ ಬೀಳಬ್ಯಾಡ್ರಿ' ಎಂದರು. ಮೊದಲ ಗುರುವಾರ ಅವರು ಕೆಳಗಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು ತಮ್ಮ ಮನೆಯ ಬಾಲ್ಕನಿಯನ್ನೇ ನೋಡುತ್ತಿದ್ದರು. ಕೆಲವು ವಾರಗಳಲ್ಲಿ ಹಳೆಯ ಸ್ನೇಹಿತರ ಜೊತೆ ಕೇರಂ ಆಟದ ರುಚಿ ಹತ್ತಿತು. ಸಂಜೆ ಬರುವಾಗ ಕೈಯಲ್ಲಿ ಬಿಸ್ಕೀಟಿನ ಪೊಟ್ಟಣ, ಬಾಯಲ್ಲಿ ಊರ ಸುದ್ದಿ. ಮೌಶಿಗೆ ಬೇಕಿದ್ದದ್ದೂ ಅದೇ, ಊರ ಸುದ್ದಿ.

ಗುರುವಾರ ನೋಡಿಕೊಳ್ಳಲು ಪದ್ಮ ಶಾಲೆಯಿಂದ ಬೇಗ ಬರುತ್ತಿದ್ದಳು. ಅವಳು ಬರುವತನಕ ನಾನು. ಪದ್ಮ ಒಂದು ತೆಲುಗು ಶಾಲೆಯಲ್ಲಿ ಟೀಚರ್. ಮಗ ತಾನೇ ಮೆಚ್ಚಿ ಮದುವೆಯಾದ ಹುಡುಗಿ. ಬಂದ ಹೊಸತರಲ್ಲಿ ಮೌಶಿ ಅವಳನ್ನು ಚೆನ್ನಾಗಿಯೇ ಗೋಳು ಹೊಯ್ದುಕೊಂಡಿದ್ದರು: ಸಾರಿಗೆ ಹುಣಸೆ ಜಾಸ್ತಿ, ರೊಟ್ಟಿ ತಟ್ಟಲು ಬರುವುದಿಲ್ಲ, ಕನ್ನಡ ಕಲಿಯುವುದಿಲ್ಲ. ಪದ್ಮಳೂ ಸುಮ್ಮನಿದ್ದವಳಲ್ಲ. ಇಬ್ಬರ ನಡುವೆ ಮಾತು ಕಡಿಮೆ ಇತ್ತು. ಹಾಗಿದ್ದವಳು ಒಂದು ಗುರುವಾರ ಶಾಲೆಯಿಂದ ಬಣ್ಣದ ಸೀಮೆಸುಣ್ಣ ತಂದು, ಮಲಗುವ ಕೋಣೆಯಿಂದ ಬಚ್ಚಲಿನವರೆಗೂ ನೆಲಕ್ಕೆ ಅಡ್ಡಡ್ಡ ಗೆರೆ ಎಳೆದಳು. ಅಲ್ಲಿಯವರೆಗೆ, ಬಾಗಿಲ ಬಳಿ ಮೌಶಿಯ ಕಾಲು ಅಂಟಿಕೊಂಡಾಗ ಕಾಕಾ ಕೈ ಹಿಡಿದು ಎಳೆಯುತ್ತಿದ್ದರು. 'ಎಳೀಬ್ಯಾಡ್ರಿ, ನಾ ಏನ ಎತ್ತಲ್ಲ' ಎಂದು ಮೌಶಿ ಬೈಯುತ್ತಿದ್ದರು. ಎದುರಿಗೆ ದಾಟಲು ಒಂದು ಗೆರೆಯಿದ್ದರೆ ಕಾಲು ಏಳುತ್ತದೆಂದು ಪದ್ಮ ಡಾಕ್ಟರನ್ನು ಕೇಳಿ ತಿಳಿದುಕೊಂಡು ಬಂದಿದ್ದಳು. ಮೌಶಿ ಮೊದಲ ಗೆರೆಯ ಮುಂದೆ ನಿಂತು ಅದನ್ನೇ ನೋಡಿದರು. ಕಾಲೆತ್ತಿ ದಾಟಿದರು. ಇನ್ನೊಂದು. ಮತ್ತೊಂದು. ಬಚ್ಚಲ ಬಾಗಿಲು ದಾಟಿ ನಿಂತು ತಿರುಗಿ ಸೊಸೆಯನ್ನು ನೋಡಿದರು.

'ಸಾರಿನ್ಯಾಗ ಹುಣಸಿ ನಿನಗ ಎಷ್ಟು ಬೇಕೋ ಅಷ್ಟು ಹಾಕು' ಎಂದರು. ಅದಕ್ಕಿಂತ ದೊಡ್ಡ ಮಾತು ಅವರ ಬಾಯಿಂದ ಬರುವುದು ಸಾಧ್ಯವಿರಲಿಲ್ಲ. ಪದ್ಮಳಿಗೆ ನಗು ಬಂತು, ಕಣ್ಣೀರೂ ಬಂತು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಆ ವರ್ಷವೇ. ಕಾಚಿಗುಡದ ಮನೆತನ, ನಮ್ಮ ಕಡೆಯ ಜನವೇ. ಹಿಂದೆ ಬಂದಿದ್ದ ಒಂದೆರಡು ಸಂಬಂಧ ನನ್ನ ಮಾತಿನಿಂದಲೇ ತಪ್ಪಿಹೋಗಿದ್ದವು. ಹಾಗಾಗಿ ಅವ್ವ ಈ ಸಲ ಎಲ್ಲ ಹೂಡಿಟ್ಟಿದ್ದಳು: ಹುಡುಗಿಗೆ ನಾಚಿಕೆ ಜಾಸ್ತಿ ಎನ್ನುವುದು, ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುವುದು. ಇನ್ನೊಂದು ಮಾತನ್ನೂ ಹೇಳಿದಳು, ಹೇಳುವಾಗ ನನ್ನ ಮುಖ ನೋಡಲಿಲ್ಲ.

'ಇವತ್ತೊಂದು ದಿನ ಮೌಶಿ ಬರೂದು ಬ್ಯಾಡ. ಇಲ್ಲೊಬ್ಬಾಕಿ ತೊದಲ್ತಾಳ, ಅಲ್ಲೊಬ್ರು ನಡಗ್ತಾರ. ಬಂದ ಮಂದಿ ಏನ ತಿಳಕೊಂಡಾರು?'

ಅವ್ವ ಕೆಟ್ಟವಳಲ್ಲ, ಮೌಶಿಗೆ ದಿನಾ ಸಂಜೆ ಗಂಜಿ ಮಾಡಿಕೊಂಡು ಹೋಗುತ್ತಿದ್ದವಳು. ಹೆದರಿದ್ದಳು, ಅಷ್ಟೆ. 'ಮೌಶಿ ಬರಲಿಲ್ಲಂದ್ರ ನಾನೂ ಹೊರಗ ಬರಂಗಿಲ್ಲ' ಎಂದೆ. ಅಷ್ಟು ಹೇಳಲು ನನಗೆ ಹಿಡಿದ ಹೊತ್ತಿನಲ್ಲಿ ಅವ್ವ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಆಮೇಲೆ ತಾನೇ ಹೋಗಿ ಕರೆದು ಬಂದಳು.

ಮೌಶಿ ರೇಶ್ಮೆ ಸೀರೆ ಉಟ್ಟು ಪದ್ಮಳ ತೋಳು ಹಿಡಿದು ಬಂದು ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತರು. ಕುರ್ಚಿಯ ಕೈಯ ಮೇಲಿಟ್ಟ ಬಲಗೈ ಆಡುತ್ತಿತ್ತು, ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಬಂದವರು ನೋಡಿಯೂ ನೋಡದಂತೆ ಮಾಡಿದರು. ಉಪ್ಪಿಟ್ಟು ತಂದಿಟ್ಟು ನಾನು ಕೂತೆ. ಹುಡುಗನ ತಾಯಿ ಕೇಳಿದರು:

'ಹೆಸರೇನವಾ ನಿಂದು?'

'ಕಸ್ತೂರಿ ಅಂತ್...' ಅವ್ವ ಶುರು ಮಾಡಿದಳು.

'ಆಕೀಗೆ ಕೇಳ್ಯಾರ.'

ಮೌಶಿಯ ದನಿ ಸಣ್ಣಗಿತ್ತು. ಆದರೂ ಎಲ್ಲರಿಗೂ ಕೇಳಿತು. ಅವ್ವ ಅರ್ಧಕ್ಕೆ ನಿಲ್ಲಿಸಿದಳು. ನಾನು 'ಕ' ಎಂದೆ. ಅಲ್ಲೇ ನಿಂತೆ. ಹುಡುಗನ ತಂದೆ ತಮ್ಮ ಕಾಲಿನ ಬೆರಳು ನೋಡಿಕೊಂಡರು. ಫ್ಯಾನು ಕಿರುಗುಟ್ಟುತ್ತಿತ್ತು. ನಾನು ಯಾರನ್ನೂ ನೋಡದೆ ಮೌಶಿಯನ್ನು ನೋಡಿದೆ. ಆ ಮುಖದಲ್ಲಿ ನಗುವಿಲ್ಲ, ಆತುರವಿಲ್ಲ, ನಾನು ಗೆಲ್ಲಬೇಕೆಂಬ ಆಸೆಯೂ ಇಲ್ಲ. ಈ ಸಂಜೆಗೆ ಬೇರೆ ಕೆಲಸವೇ ಇಲ್ಲವೆಂಬಂತೆ ಕೂತಿದ್ದರು. ಕೊನೆಗೆ ಹೆಸರು ಬಂತು. ಬಂದ ಮೇಲೆ, ಯಾರೂ ಕೇಳದಿದ್ದರೂ, ನಾನೇ ಮುಂದುವರಿಸಿದೆ.

'ನ... ನನಗ ಮಾತು ತಡೀತೈತ್ರಿ. ಸಣ್ಣಾಕಿ ಇದ್ದಾಗಿಂದನೂ ಹಿಂಗ. ಆದ್ರ ಹೇಳೂದು ಪೂರಾ ಹೇಳ್ತೀನಿ.'

ಹುಡುಗನ ತಾಯಿ ನನ್ನ ಕಡೆ ನೋಡುತ್ತಿರಲಿಲ್ಲ. ಮೌಶಿಯ ಕೈಯನ್ನು ನೋಡುತ್ತಿದ್ದರು.

'ನಿಮಗ ಎಷ್ಟು ದಿವಸದಿಂದ ಐತ್ರಿ ಇದು?'

ಮೌಶಿ ಹೇಳಿದರು. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದು ಆಮೇಲೆ ಹೇಳಿದರು: 'ನಮ್ಮ ಅತ್ತಿಗೂ ಇದ ಇತ್ರಿ. ಮನಿಗೆ ಮಂದಿ ಬಂದ್ರ ನಾವು ಅವರನ್ನ ಒಳಗಿನ ಖೋಲ್ಯಾಗ ಕೂಡಿಸಿ ಬಾಗಲಾ ಮುಂದ ಮಾಡ್ತಿದ್ವಿ. ಅವರೂ ಒಂದು ದಿವಸ ಏನೂ ಅನ್ನಲಿಲ್ಲ. ಹಂಗ ಹೋದ್ರು. ನೀವು ರೇಶ್ಮಿ ಸೀರಿ ಉಟ್ಟು ನಡು ಮನ್ಯಾಗ ಕುಂತೀರಿ.'

ಮೌಶಿ ತಲೆಯಾಡಿಸಿದರು. ಅದು ನಡುಕವೋ ಉತ್ತರವೋ ಎಂದು ತಿಳಿಯುವಷ್ಟರಲ್ಲಿ ಮಾತು ಬಂತು. 'ನನ್ನ ಇವರೆಲ್ಲಾ ತಂದು ಕೂಡಿಸ್ಯಾರ್ರಿ. ನಾ ಒಬ್ಬಾಕಿನ ಆಗಿದ್ರ ನಾನೂ ಒಳಗ ಕೂಡ್ತಿದ್ದೆ.'

ಅವ್ವ ಒಳಗೆ ಹೋಗಿ ಚಹಾ ತಂದಳು. ತುಂಬಿದ ಕಪ್ಪು ಮೌಶಿಯ ಕೈಯಲ್ಲಿ ತುಳುಕಿತು. ಪದ್ಮ ಏಳುವ ಮೊದಲೇ ಹುಡುಗ ಎದ್ದು, ಒಂದು ಖಾಲಿ ಕಪ್ಪಿಗೆ ಅರ್ಧ ಚಹಾ ಬಗ್ಗಿಸಿ, ಉಳಿದರ್ಧವನ್ನು ಅವರಿಗೆ ಕೊಟ್ಟು ತನ್ನ ಜಾಗದಲ್ಲಿ ಹೋಗಿ ಕೂತ. ಅಜ್ಜಿಗೆ ಹಾಗೆ ಕೊಟ್ಟು ಅಭ್ಯಾಸವಂತೆ. ಒಳಗಿನ ಕೋಣೆಗೆ ಚಹಾ ಒಯ್ಯುತ್ತಿದ್ದವನು ಅವನೇ. ನಾನು ಆ ಹೊತ್ತಿಗೇ ಒಪ್ಪಿಬಿಟ್ಟಿದ್ದೆ. ಅವರ ಕಡೆಯಿಂದ ಒಪ್ಪಿಗೆ ಬಂದದ್ದು ಮುಂದಿನ ವಾರ.

ಮದುವೆಯ ನಂತರ ಕೆಲವು ವರ್ಷ ಕಾಚಿಗುಡದಲ್ಲಿದ್ದೆ, ಆಗಾಗ ಹೋಗಿ ಬರುತ್ತಿದ್ದೆ. ಆಮೇಲೆ ನನ್ನ ಯಜಮಾನರಿಗೆ ಸೊಲ್ಲಾಪುರಕ್ಕೆ ವರ್ಗವಾಯಿತು. ಅಷ್ಟು ಹೊತ್ತಿಗೆ ಮೌಶಿ ಹಾಸಿಗೆ ಹಿಡಿದಿದ್ದರು. ಗುಳಿಗೆಗಳು ಮೊದಲಿನ ಹಾಗೆ ಹತ್ತುತ್ತಿರಲಿಲ್ಲ. ನುಂಗುವುದು ಕಷ್ಟವಾಗಿತ್ತು, ಮಾತು ನಿಂತೇ ಹೋಗಿತ್ತು ಎಂದರೂ ಸರಿ. ಪದ್ಮ ಫೋನಿನಲ್ಲಿ ಹೇಳುತ್ತಿದ್ದಳು: ಕಾಕಾ ರಜೆಯ ದಿನವೂ ಬೇಗ ಬಂದುಬಿಡುತ್ತಾರೆ, ಮಗ ಶಿಫ್ಟ್ ಬದಲಿಸಿಕೊಂಡಿದ್ದಾನೆ, ಅತ್ತೆಗೆ ಕಣ್ಣಿನ ಸನ್ನೆ ಮಾತ್ರ ಉಳಿದಿದೆ. ಸುಖದ ದಿನಗಳೇನಲ್ಲ ಅವು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ನೀರನ್ನೂ ಚಮಚೆಯಿಂದ ಕೊಡುವುದು. ಆ ಮನೆಯಲ್ಲಿ ಎಲ್ಲರೂ ದಣಿದಿದ್ದರು. ಆದರೆ ಯಾರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ದಣಿಯುತ್ತಿರಲಿಲ್ಲ.

ನಾನು ಕೊನೆಯ ಸಲ ನೋಡಿದ್ದು ಹೋದ ಚಳಿಗಾಲದಲ್ಲಿ. ಯಾವುದೋ ಕೆಲಸಕ್ಕೆ ಹೈದರಾಬಾದಿಗೆ ಬಂದವಳು, ಸಂಜೆಯ ರೈಲಿಗೆ ಮೊದಲು ಕೂಕಟ್‌ಪಲ್ಲಿಗೆ ಹೋದೆ. ಮೌಶಿ ಬಹಳ ಸಣ್ಣಗಾಗಿದ್ದರು. ಹಾಸಿಗೆಯಲ್ಲಿ ಒಂದು ಮಡಿಸಿಟ್ಟ ಶಾಲಿನಷ್ಟು ಜಾಗ ಹಿಡಿದಿದ್ದರು. ಪಕ್ಕದಲ್ಲಿ ಕೂತು ನನ್ನ ಮಗಳ ಸುದ್ದಿ, ಅತ್ತೆಯ ಮಂಡಿನೋವು, ಸೊಲ್ಲಾಪುರದ ಚಾದರ ಎಲ್ಲ ಹೇಳಿದೆ. ತಡೆದಲ್ಲಿ ತಡೆದೆ, ಮುಂದುವರಿದೆ. ಅವರ ಕಣ್ಣು ನನ್ನ ಮೇಲೇ ಇತ್ತು. ಹೊತ್ತಾಯಿತೆಂದು ಎದ್ದು ಕಾಲು ಮುಟ್ಟಿ ನಮಸ್ಕಾರ ಮಾಡಿ ಬಾಗಿಲ ಕಡೆ ತಿರುಗಿದಾಗ ಪದ್ಮ ನನ್ನ ಕೈ ಹಿಡಿದಳು. 'ಆಗು. ಏದೋ ಅಂಟುನ್ನಾರು.' ನಿಲ್ಲು, ಏನೋ ಹೇಳುತ್ತಿದ್ದಾರೆ.

ತುಟಿಗಳು ಅಲುಗುತ್ತಿದ್ದವು. ಕಾಕಾ ಮಂಚದ ಆ ಬದಿಗೆ ಬಂದು ಕೂತರು. ಪದ್ಮ ತಲೆದಿಂಬು ಸರಿಮಾಡಿದಳು. ನಾನು ನೆಲಕ್ಕೆ ಕೂತು ಕಿವಿಯನ್ನು ಅವರ ಬಾಯಿಯ ಹತ್ತಿರ ಇಟ್ಟೆ. ಬಹಳ ದಿನಗಳಿಂದ ಅವರು 'ಹೂಂ' ಎಂದದ್ದೂ ಇರಲಿಲ್ಲವಂತೆ. ಕೊನೆಯ ಮಾತೇನೋ ಹೇಳುತ್ತಾರೆಂದು ನಮಗೆಲ್ಲ ಅನಿಸಿತ್ತು. ಯಾರೂ ಏನನ್ನೂ ಊಹಿಸಿ ಹೇಳಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಯಾರೂ ಏಳಲಿಲ್ಲ. ಉಸಿರು ಸೇರಿಸಿ, ಬಿಟ್ಟು, ಮತ್ತೆ ಸೇರಿಸಿ, ಕೊನೆಗೆ ಮೌಶಿ ಅದನ್ನು ಹೊರಗೆ ತಂದರು.

'ಊಟಾ... ಮಾಡ್ಕೊಂಡು... ಹೋಗು.'

ಪದ್ಮ ಎದ್ದು ಕುಕ್ಕರ್ ಇಳಿಸಿದಳು. ಕಾಕಾ ಗಡಿಯಾರ ನೋಡಿ ನನ್ನ ಮುಖ ನೋಡಿದರು. ರೈಲು ಮಾರನೇ ದಿನವೂ ಇತ್ತು. ನಾನು ಕೈ ತೊಳೆದುಕೊಂಡು ಬಂದು ಮೌಶಿಗೆ ಕಾಣುವ ಹಾಗೆ ಅಲ್ಲೇ ಕೂತೆ. ಪದ್ಮ ಅನ್ನ, ಸಾರು ಬಡಿಸಿದಳು. ನಾನು ನಿಧಾನವಾಗಿ, ಹೊಟ್ಟೆ ತುಂಬ ಉಂಡೆ.